ಒಂದು ದಿನದ ಕೋಟು

ನನ್ನ ಮೈದುನನ ಮೊಮ್ಮಗ ಹರೀಶ ಬಿಜೈಯಲ್ಲಿ ಲಾಂಡ್ರಿ ಇಟ್ಟಿದ್ದಾನೆ. ಗಾಜಿನ ಬಾಗಿಲು, ಕರೆಂಟಿನ ಇಸ್ತ್ರಿಪೆಟ್ಟಿಗೆ, ಗೋಡೆಯಲ್ಲಿ ದರಪಟ್ಟಿ. ಮೊನ್ನೆ ಬಂದವನು ಚಾ ಕುಡಿಯುತ್ತಾ ಕೇಳಿದ: "ಅಜ್ಜಿ, ಕಾಲೇಜಿನ ಮಕ್ಕಳು ಅಂಗಿ ಹಿಡಿದುಕೊಂಡು ಬರ್ತಾರೆ. ಸಂಜೆ ಹೊತ್ತಿನ ಕೆಲಸಕ್ಕೆ ಇಂಟರ್‌ವ್ಯೂ ಉಂಟಂತೆ. ಎಂತ ಹಾಕಿಕೊಂಡು ಹೋದ್ರೆ ಒಳ್ಳೇದು ಅಂತ ನನ್ನನ್ನೇ ಕೇಳ್ತಾರೆ. ನಾನು ಎಂತ ಹೇಳುವುದು?"

ನನಗೆ ನಗು ಬಂತು. ಇದೇ ಪ್ರಶ್ನೆ ನಮ್ಮ ಕಾಲದಲ್ಲಿ ನಮ್ಮ ಜಗಲಿಗೂ ಬರುತ್ತಿತ್ತು. ಅವನಿಗೆ ಆಗ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ಬರವಣಿಗೆಯಲ್ಲಿ ಸುಕ್ಕು ಕಂಡರೆ ಓದುವವರೇ ಇಸ್ತ್ರಿ ಹಾಕಿಕೊಳ್ಳಲಿ.

ಮದುವೆಯಾಗಿ ಕೊಡಿಯಾಲಬೈಲಿನ ಮನೆಗೆ ಬರುವಾಗ ನಾನಿನ್ನೂ ಸಣ್ಣವಳು. ಎರಡನೆಯ ಮಹಾಯುದ್ಧ ಶುರುವಾಗಲು ಕೆಲವು ವರ್ಷ ಇತ್ತು. ಮನೆಯ ಹಿಂದೆ ನೀರು ಹರಿಯುವ ತೋಡು, ತೋಡಿನ ಬದಿಗೆ ಒಗೆಯುವ ಕಲ್ಲುಗಳು, ಅಂಗಳದ ಮೂಲೆಯಲ್ಲಿ ಉಬ್ಬೆಯ ಹಂಡೆ. ಬಟ್ಟೆಯನ್ನು ಸೌಳುಮಣ್ಣಿನ ನೀರಿನಲ್ಲಿ ಅದ್ದಿ, ಹಂಡೆಯ ಬಾಯಿಯ ಮೇಲೆ ಒಟ್ಟಿ, ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆಗೆ ಹಾಕುವುದು ಎನ್ನುತ್ತಿದ್ದೆವು. ವಕೀಲರ ಪಂಚೆ, ಡಾಕ್ಟರ ಕೋಟು, ಬಾಣಂತಿಯ ಬಟ್ಟೆ ಎಲ್ಲವೂ ಅದೇ ಹಬೆಯಲ್ಲಿ ಬೇಯುತ್ತಿದ್ದವು. ಬೆಳಿಗ್ಗೆ ಬಿಚ್ಚಿದಾಗ ಒಳಗಿನಿಂದ ಬರುವ ಆ ಬಿಳುಪನ್ನು ನೋಡಿ ನಾನು ಎಷ್ಟೋ ದಿನ ಬಾಯಿ ಬಿಟ್ಟು ನಿಂತದ್ದುಂಟು. ಹಿಂದಿನ ದಿನ ನಾನೇ ಮುಟ್ಟಲು ಹೇಸಿದ್ದ ಬಟ್ಟೆ ಇದೇ ಹೌದಾ ಎಂದು ನಂಬಿಕೆಯೇ ಬರುತ್ತಿರಲಿಲ್ಲ. ಮುದುಕಿಯಾಗುವವರೆಗೂ ಆ ಬೆರಗು ನನ್ನನ್ನು ಬಿಡಲಿಲ್ಲ. ಈಗಿನವರ ಮೆಶಿನಿನ ಮುಚ್ಚಳ ತೆಗೆದರೂ ಒಮ್ಮೆ ಇಣುಕಿ ನೋಡುತ್ತೇನೆ.

ನನ್ನ ಮೇಲಧಿಕಾರಿ ಎಂದರೆ ನನ್ನ ಅತ್ತೆ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲೇ, ಕನ್ನಡ ಮಾಡಿದ್ದು ನಾನು. ಮಾಮಿ ಗಟ್ಟಿ ಹೆಂಗಸು. ಮಾತು ಕಡಿಮೆ, ಕೆಲಸ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಮಾವ ತೀರಿಹೋದ ಮೇಲೆ ನಮಗೆ ಬಟ್ಟೆ ಕೊಡುವ ಊರ ಮನೆಗಳನ್ನೆಲ್ಲ ಕೈತಪ್ಪದ ಹಾಗೆ ಒಬ್ಬರೇ ಹಿಡಿದು ನಿಲ್ಲಿಸಿದವರು. ನನ್ನ ಗಂಡ ಬಟ್ಟೆಯ ಗಂಟು ಹೊತ್ತು ತರುತ್ತಿದ್ದರು, ಕೊಂಡುಹೋಗುತ್ತಿದ್ದರು. ಬಾಕಿ ಎಲ್ಲದಕ್ಕೂ ಮಾಮಿಯದೇ ಅಪ್ಪಣೆ.

ಬಂದ ಹೊಸತರಲ್ಲಿ ನಾನು ಮಾಡಿದ ಮೊದಲ ಭಾನಗಡಿಯನ್ನು ಹೇಳಿಬಿಡುತ್ತೇನೆ. ಒಬ್ಬ ವಕೀಲರ ಪಂಚೆಗೆ ಗಂಜಿ ಹಾಕಲು ಹೇಳಿದರು. ನಮ್ಮ ಮನೆಯಲ್ಲಿ ಗಂಜಿ ಎಂದರೆ ಕೆಂಪು ಕುಚ್ಚಲಕ್ಕಿಯದು. ನಾನು ಮಧ್ಯಾಹ್ನದ ಗಂಜಿಯ ತಿಳಿಯನ್ನೇ ಬಸಿದು ಪಂಚೆ ಅದ್ದಿದೆ. ಒಣಗಿದ ಮೇಲೆ ನೋಡಿದರೆ ಪಂಚೆ ಸಂಜೆಯ ಆಕಾಶದ ಬಣ್ಣಕ್ಕೆ ತಿರುಗಿದೆ. ಬಟ್ಟೆಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯದೇ ಗಂಜಿ ಆಗಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾಮಿ ಪಂಚೆಯನ್ನು ಎತ್ತಿ ಹಿಡಿದು ನೋಡಿದರು. "ವಕೀಲರು ಸನ್ಯಾಸಿ ಆಗ್ತಾರೆ ಅಂತ ನಿನಗೆ ಯಾರು ಹೇಳಿದ್ದು?" ಎಂದರು. ಆಮೇಲೆ ನನ್ನೊಂದಿಗೆ ಅವರೂ ಕೂತು ಎರಡು ಸಲ ಉಬ್ಬೆಗೆ ಹಾಕಿ ಅದನ್ನು ಬಿಳಿ ಮಾಡಿದರು.

ಈಗ ಎರವಲಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಹರೀಶನ ತಂದೆಗೆ ಅನುಮಾನ. ಆದರೆ ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಟ್ಟು ಹೇಳದಿದ್ದ ಸಂಗತಿ. ಮದುವೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಕೆಲಸಕ್ಕೆ ಸಂದರ್ಶನ ಇದ್ದವರು ನಮ್ಮ ಜಗಲಿಗೆ ಬಂದು ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ಮಾಮಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ, ಯಾರದೋ ಮನೆಯ ಒಗೆದ ಕೋಟನ್ನೋ ಸೀರೆಯನ್ನೋ ತಂದು ಕೊಡುತ್ತಿದ್ದರು. ಒಂದು ದಿನದ ಮಟ್ಟಿಗೆ. ಅದಕ್ಕೆ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಿಯಮ ಮಾತ್ರ ಬಹಳ ಇತ್ತು. ಅದನ್ನು ಹಾಕಿಕೊಂಡು ಊಟಕ್ಕೆ ಕೂರಬಾರದು. ಬಟ್ಟೆಯ ಯಜಮಾನನ ಬೀದಿಯಲ್ಲಿ ನಡೆಯಬಾರದು. ಕತ್ತಲಾಗುವ ಮೊದಲು ತಂದುಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಯಜಮಾನ ಊರಲ್ಲಿಲ್ಲದ ಬಟ್ಟೆಯನ್ನೇ ಕೊಡಬೇಕು.

ಹದಿನೈದು ಹದಿನೇಳರ ಮಕ್ಕಳೇ ಹೆಚ್ಚು ಬರುತ್ತಿದ್ದದ್ದು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ, ವಕೀಲರಲ್ಲಿ, ಛಾಪಖಾನೆಯಲ್ಲಿ ಎರಡು ಮೂರು ಗಂಟೆಯ ಕೆಲಸ ಸಿಕ್ಕಿದರೆ ಓದು ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಆಫೀಸು ಎಂದರೆ ಕೋಟು, ಟೊಪ್ಪಿ. ಅವೆರಡೂ ಇಲ್ಲದವನನ್ನು ಜವಾನನೇ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ನಮ್ಮ ಜಗಲಿಯಲ್ಲಿ ಬೆನ್ನು ಬಗ್ಗಿಸಿ ನಿಂತ ಹುಡುಗ ಕೋಟಿನೊಳಗೆ ತೋಳು ತೂರಿಸಿ ಗುಂಡಿ ಹಾಕಿದ ಕೂಡಲೇ ಎದೆ ಎತ್ತಿ ನಿಲ್ಲುತ್ತಿದ್ದ. ಕಣ್ಣೂ ಬೇರೆ, ಧ್ವನಿಯೂ ಬೇರೆ. ನನಗೆ ಅದನ್ನು ನೋಡಿದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು. ಒಂದು ಬಟ್ಟೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಇಂದಿಗೂ ಯೋಚಿಸುತ್ತೇನೆ.

ಎಲ್ಲ ಸಲವೂ ಸರಿಯಾಗುತ್ತಿತ್ತು ಎಂದಲ್ಲ. ಲಿಲ್ಲಿ ಎಂಬ ಹುಡುಗಿ, ಹತ್ತಿರದ ಮನೆಯವಳು, ಒಬ್ಬ ಕಣ್ಣು ಕಾಣದ ಮುದುಕಿಗೆ ಮಧ್ಯಾಹ್ನ ಪುಸ್ತಕ ಓದಿ ಹೇಳುವ ಕೆಲಸಕ್ಕೆ ಹೋಗುವವಳಿದ್ದಳು. ಅವಳಿಗೆ ತಾಯಿಯ ಹತ್ತಿ ಸೀರೆ ಇತ್ತು, ಗಂಜಿ ಹಾಕಿಸಿಕೊಳ್ಳಲು ಬಂದಿದ್ದಳು. ಚೆನ್ನಾಗಿ ಆಗಲಿ ಎಂಬ ಆಸೆಯಲ್ಲಿ ನಾನು ಗಂಜಿಯನ್ನು ದಪ್ಪ ಮಾಡಿದೆ. ಅವಳು ಉಟ್ಟುಕೊಂಡು ನಡೆದರೆ ತಗಡಿನ ಸದ್ದು. ಆ ಮನೆಯಲ್ಲಿ ಕುಳಿತುಕೋ ಎಂದಾಗ ಸೀರೆ ಬಗ್ಗಲಿಲ್ಲವಂತೆ. ಕೊಡೆಯ ಹಾಗೆ ಎದ್ದು ನಿಂತಿತಂತೆ. ಕಣ್ಣು ಕಾಣದ ಮುದುಕಿ ಸದ್ದು ಕೇಳಿಯೇ, "ಯಾರದು, ಕಾಗದ ಸುತ್ತಿಕೊಂಡು ಬಂದದ್ದಾ?" ಎಂದರಂತೆ. ಲಿಲ್ಲಿ ಬಿದ್ದು ಬಿದ್ದು ನಕ್ಕಳಂತೆ. ಮುದುಕಿಗೆ ಆ ನಗು ಹಿಡಿಸಿತು, ಕೆಲಸ ಆಯಿತು. ನಾನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಆ ಪ್ರಾಯದಲ್ಲಿ ಅಷ್ಟು ಧೈರ್ಯ ಅವಳಿಗೆ ಯಾರು ಕೊಟ್ಟರೋ.

ಇನ್ನು ಲೋಕಯ್ಯನ ಕಥೆ. ಹರೀಶನಿಗೆ ನಾನು ಹೇಳಬೇಕೆಂದಿದ್ದದ್ದು ಇದನ್ನೇ.

ಪಣಂಬೂರಿನ ಗಿರಿಜಕ್ಕ ದಿನವೂ ದೋಣಿಯಲ್ಲಿ ಕೂಳೂರಿನ ಕಡವು ದಾಟಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಬರುತ್ತಿದ್ದಳು. ಬೂತಾಯಿ ಬಂಗುಡೆ ನಮ್ಮ ಮನೆಗೆ ಅವಳೇ ತರುವುದು. ಅವಳಿಗೆ ಒಬ್ಬನೇ ಮಗ, ಲೋಕಯ್ಯ. ಓದಿನಲ್ಲಿ ಚುರುಕು. ಬೋಳೂರಿನ ಸೋದರತ್ತೆಯ ಮನೆಯಲ್ಲಿ ನಿಂತು ಹೈಸ್ಕೂಲಿನ ಕೊನೆಯ ಕ್ಲಾಸಿಗೆ ಹೋಗುತ್ತಿದ್ದ. ತಂದೆ ಇಲ್ಲದ ಮನೆ. ಸೋದರಮಾವ ಖಡಾಖಂಡಿತವಾಗಿ ಹೇಳಿದ್ದರು: ಮಳೆಗಾಲ ಮುಗಿದು ದೋಣಿ ಕಡಲಿಗೆ ಇಳಿಯುವುದರೊಳಗೆ ನಿನ್ನ ಖರ್ಚನ್ನು ನೀನು ನೋಡಿಕೊಂಡರೆ ಸರಿ, ಇಲ್ಲವಾದರೆ ಶಾಲೆ ಬಿಟ್ಟು ನನ್ನ ದೋಣಿಗೆ ಬಾ. ಮಾವನದ್ದು ಕೆಟ್ಟ ಮನಸ್ಸಲ್ಲ. ದೋಣಿಗೆ ಜನ ಬೇಕಿತ್ತು.

ಮಳೆಗಾಲ ಮುಗಿಯುತ್ತಾ ಬರುವ ಸೋಣ ತಿಂಗಳಿನ ಒಂದು ದಿನ ಗಿರಿಜಕ್ಕ ಬುಟ್ಟಿಯನ್ನು ಅಂಗಳದಲ್ಲಿಟ್ಟು, ಮಗನನ್ನು ಮುಂದೆ ತಳ್ಳಿದಳು. ಬಂದರಿನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಸಂಜೆಯ ಹೊತ್ತು ಬರೆಯುವ ಹುಡುಗ ಬೇಕಂತೆ. ಮರುದಿನ ಮಧ್ಯಾಹ್ನ ಸಂದರ್ಶನ.

"ದುಗ್ಗಕ್ಕಾ, ಇವನಿಗೆ ಒಂದು ಕೋಟು ಆಗ್ಬೇಕು," ಎಂದಳು ಮಾಮಿಗೆ. "ಇದು ತಪ್ಪಿದ್ರೆ ಮತ್ತೆ ದೋಣಿಯೇ. ನನ್ನ ಗಂಡ ಹೋದ ಕಡಲಿಗೆ ಇವನನ್ನೂ ಕಳಿಸ್ಲಿಕ್ಕೆ ನನಗೆ ಆಗುವುದಿಲ್ಲ."

ಮಾಮಿ ಹುಡುಗನನ್ನು ನೋಡಿದರು. ಉದ್ದಕ್ಕೆ ಬೆಳೆದವನು, ಅಗಲಕ್ಕೆ ಬೆಳೆಯಲು ಇನ್ನೂ ಸಮಯ ಸಿಕ್ಕಿರಲಿಲ್ಲ. "ಕೋಟು ಮತ್ತೆ ನೋಡುವ. ಮೊದಲು ಅಂಗಿ ತೆಗಿ. ಕೋಟಿನ ಒಳಗೆ ಮೀನು ಉಂಟು ಅಂತ ಮೂಗು ಇದ್ದವನಿಗೆ ಗೊತ್ತಾಗ್ತದೆ," ಎಂದರು.

ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಒಗೆಯಲು ಬಿಡಿಸಿದಾಗ ಬಲಗಡೆಯ ಹೆಗಲು ಕಣ್ಣಿಗೆ ಬಿತ್ತು. ಕುತ್ತಿಗೆಯ ಬುಡದಿಂದ ತೋಳಿನವರೆಗೆ ಹರಿದಿತ್ತು. ಹರಿದಲ್ಲಿಗೆ ತೇಪೆ ಹಾಕಿರಲಿಲ್ಲ. ತೆಳ್ಳಗಿನ ನೂಲಿನಿಂದ ಸಣ್ಣ ಸಣ್ಣ ಗಂಟು ಹಾಕುತ್ತಾ, ಬಲೆಯ ಹರಿದ ಕಣ್ಣನ್ನು ಕಟ್ಟುವ ಹಾಗೆ ಕಟ್ಟಿದ್ದರು. ಗಂಟಿನ ಪಕ್ಕಕ್ಕೆ ಗಂಟು, ಎಲ್ಲ ಒಂದೇ ಅಳತೆ. ನಾನು ನೂರಾರು ಮನೆಯ ಬಟ್ಟೆ ಮುಟ್ಟಿದವಳು, ಅಂಥದ್ದನ್ನು ನೋಡಿರಲಿಲ್ಲ. ಕಲ್ಲಿಗೆ ಹೊಡೆಯಲು ಕೈ ಬರಲಿಲ್ಲ. ಅಂಟುವಾಳದ ನೊರೆಯಲ್ಲಿ ಕೈಯಿಂದಲೇ ಹಿಸುಕಿ, ಲಿಂಬೆ ಎಲೆ ಹಾಕಿದ ನೀರಿನಲ್ಲಿ ಅದ್ದಿ, ಮಳೆ ಬಿಡದ್ದರಿಂದ ಒಲೆಯ ಮೇಲಿನ ಬೆತ್ತದ ಚಪ್ಪರದಲ್ಲಿ ಹರವಿದೆ. ಮೀನಿನ ವಾಸನೆ ಹೋಯಿತು, ಹೊಗೆಯ ವಾಸನೆ ಬಂತು. ಹೊಗೆಯ ವಾಸನೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮಾಮಿ ಹೆಗಲಿನ ಹೊಲಿಗೆಯನ್ನು ನೋಡಿ, "ಇದು ಕಾಣಬಾರದು. ಕೋಟು ಕುತ್ತಿಗೆಯವರೆಗೆ ಮುಚ್ಚಬೇಕು," ಎಂದರು. ಹುಡುಗ ನೆಲ ನೋಡಿದ.

ಅಂಥ ಕೋಟು ಮನೆಯಲ್ಲಿ ಒಂದೇ ಇತ್ತು. ಮಣ್ಣಗುಡ್ಡೆಯ ಒಂದು ಮನೆಯ ಗಂಟಿನಲ್ಲಿ ಬಂದದ್ದು, ಬಿಳಿ ಡ್ರಿಲ್ ಬಟ್ಟೆಯದು, ಕುತ್ತಿಗೆಯವರೆಗೆ ಗುಂಡಿ. ಆ ಮನೆಯ ಯಜಮಾನ, ಎತ್ತರದ ಸಪೂರ ಮನುಷ್ಯ, ಮದ್ರಾಸಿಗೆ ಹೋಗಿದ್ದರು. ಹಾಗಾಗಿ ಮಾಮಿಯ ನಿಯಮಕ್ಕೆ ಸರಿಯಾಗಿಯೇ ಇತ್ತು. ಒಂದೇ ಒಂದು ಸಂಗತಿ ಬೇರೆ. ನಾವು ಪ್ರತಿ ಮನೆಯ ಬಟ್ಟೆಗೂ ಕಾಲರಿನ ಒಳಗೆ ಕೇರಿನ ಕಾಯಿಯ ಮಸಿಯಿಂದ ಗುರುತು ಹಾಕುತ್ತೇವೆ. ತೊಳೆದರೂ ಅದು ಹೋಗುವುದಿಲ್ಲ. ಈ ಕೋಟಿನಲ್ಲಿ ನಮ್ಮ ಗುರುತಿನ ಬದಲು ಬೇರೆ ಯಾರದೋ ಗುರುತು ಇತ್ತು. ಮಾಮಿ ಅದನ್ನು ಬಾಗಿಲ ಬೆಳಕಿಗೆ ಹಿಡಿದರು.

"ನಮ್ಮದಲ್ಲ ಇದು, ಮಾಮಿ," ಎಂದೆ.

"ಮದ್ರಾಸಿನ ಅಗಸರದ್ದಿರ್ಬೇಕು. ಅಲ್ಲಿಗೆ ಹೋಗ್ತಾ ಬರ್ತಾ ಇರ್ತಾರಲ್ಲ," ಎಂದರು ಮಾಮಿ. ಗಂಟು ಯಾವ ಮನೆಯದ್ದೋ ಬಟ್ಟೆಯೂ ಆ ಮನೆಯದ್ದು ಎಂದು ನಂಬುವುದು ನಮ್ಮ ಜನರ ಅಭ್ಯಾಸ. ಗುರುತಿಗಿಂತ ಗಂಟನ್ನು ನಂಬಿದೆವು. ತೆಂಗಿನಕಾಯಿ ಗೆರಟೆಯ ಕೆಂಡ ತುಂಬಿ ನಾನೇ ಅದಕ್ಕೆ ಇಸ್ತ್ರಿ ಹಾಕಿದೆ.

ಮರುದಿನ ಲೋಕಯ್ಯ ಆ ಕೋಟು ಹಾಕಿ, ಮೇಷ್ಟರೊಬ್ಬರು ಕೊಟ್ಟ ಕಪ್ಪು ಟೊಪ್ಪಿ ಇಟ್ಟು ಜಗಲಿಯಲ್ಲಿ ನಿಂತ. ಗಿರಿಜಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಇದು ನನ್ನ ಮಗನೇ ಹೌದಾ ಮಾರಾಯ್ತಿ?" ಎಂದು ನನ್ನನ್ನು ಕೇಳಿದಳು. ಹತ್ತಿರ ಬಂದು ಮುಟ್ಟಲು ಅವಳಿಗೆ ಹೆದರಿಕೆ. ಕೈಯಲ್ಲಿ ಮೀನಿನ ವಾಸನೆ ಇದೆ ಎಂದು ದೂರದಿಂದಲೇ ದೃಷ್ಟಿ ತೆಗೆದಳು. ತಾಳೆಗರಿಯ ಕೊಡೆ ಹಿಡಿದು ಅವನು ಬಂದರಿನ ಕಡೆ ನಡೆದ.

ಸಂಜೆ ಅವನು ಬಂದಾಗ ಮೈಯಲ್ಲಿ ಕೋಟು ಇರಲಿಲ್ಲ. ಕೈಯಲ್ಲೂ ಇರಲಿಲ್ಲ.

"ಕೋಟು ಎಲ್ಲಿ?" ಎಂದರು ಮಾಮಿ.

"ಅದರ ಯಜಮಾನರ ಹತ್ರ ಉಂಟು, ದೊಡ್ಡಮ್ಮ," ಎಂದ.

ಆಮೇಲೆ ಅವನು ಜಗಲಿಯ ಅಂಚಿನಲ್ಲಿ ಕೂತು ಹೇಳಿದ್ದು ಇದು. ಆ ಆಫೀಸಿನ ಮೆನೇಜರು ಅನಂತ ರಾಯರು. ಅವರು ಮೊದಲು ಇವನಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಸಿದರು. ಅಕ್ಷರ ನೋಡಿ ತಲೆಯಾಡಿಸಿದರು. ಮತ್ತೆ ಕನ್ನಡಕ ಏರಿಸಿ ಇವನ ಎದೆಯನ್ನೇ ನೋಡಿದರು.

"ಕೋಟು ಯಾರದ್ದು?" ಎಂದು ಕೇಳಿದರು.

"ನನ್ನದಲ್ಲ ಸರ್. ಇವತ್ತಿಗೆ ಮಾತ್ರ ಸಿಕ್ಕಿದ್ದು."

"ಅದು ನನ್ನದು ಮಾರಾಯ! ಹೋದ ವಾರ ಮಗಳ ಮನೆಯಲ್ಲಿ ಬಿಟ್ಟು ಬಂದದ್ದು. ನಿನಗೆ ಯಾರು ಕೊಟ್ಟರು?"

ಮಣ್ಣಗುಡ್ಡೆಯ ಮನೆ ರಾಯರ ಮಗಳ ಮನೆ. ಯಜಮಾನರದ್ದು ಎಂದು ನಾವು ತಿಳಿದ ಕೋಟು ಅವರ ಮಾವನದ್ದು. ಮಾವ ಅಳಿಯ ಇಬ್ಬರೂ ಒಂದೇ ಅಳತೆಯ ಸಪೂರ ಮನುಷ್ಯರು ಎಂದು ನಮಗೆ ಕನಸು ಬೀಳುತ್ತದಾ?

ಲೋಕಯ್ಯ ನಮ್ಮ ಹೆಸರು ಹೇಳಲಿಲ್ಲ. ರಾಯರು ಮತ್ತೆ ಕೇಳಿದರು. ಹೆಸರು ಹೇಳಿದರೆ ಈ ಕೆಲಸ ನಿನಗೇ, ಅಕ್ಷರ ನನಗೆ ಹಿಡಿಸಿದೆ ಎಂದರು. ಆಗ ಇವನು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಕೋಟನ್ನು ನಾನು ಇಸ್ತ್ರಿಯಲ್ಲಿ ಹಾಕಿಕೊಟ್ಟ ಮಡಿಕೆಯಲ್ಲೇ ಮಡಚಿ ಮೇಜಿನ ಮೇಲಿಟ್ಟ.

"ಹೇಳಿದ್ರೆ ಅವರ ಮನೆ ಒಲೆ ಆರ್ತದೆ ಸರ್. ಹೇಳ್ಲಿಕ್ಕೆ ಆಗುವುದಿಲ್ಲ," ಎಂದನಂತೆ.

ಅಂಗಿಯ ಹೆಗಲು ಕಂಡಿತು. ರಾಯರು ಅದನ್ನು ಬಹಳ ಹೊತ್ತು ನೋಡಿದರಂತೆ. "ಇದನ್ನು ಹೊಲಿದದ್ದು ಯಾರು?" ಎಂದು ಕೇಳಿದರಂತೆ.

"ನಾನೇ. ಬಲೆ ಕಟ್ಟಿ ಗೊತ್ತುಂಟು ಸರ್, ಬಟ್ಟೆ ಹೊಲಿದು ಗೊತ್ತಿಲ್ಲ."

"ಸರಿ, ಹೋಗು," ಎಂದರಂತೆ ರಾಯರು. ಅಷ್ಟೇ.

ಗಿರಿಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಲಸ ಹೋಯಿತೆಂದು ನಾವೆಲ್ಲ ತಿಳಿದೆವು. ನನಗೆ ಅವನ ಮುಖ ನೋಡಲಾಗಲಿಲ್ಲ. ಕಡಲಿಗೆ ಹೋಗಬೇಕಾದವನು ಅವನು, ಒಲೆ ಉಳಿಸಿದ್ದು ನಮ್ಮದು. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗನಿಗೆ ಇಷ್ಟು ದೊಡ್ಡ ಎದೆ ಹೇಗೆ ಬಂತು ಎಂದು ಅವತ್ತು ನಾನು ದಂಗಾಗಿ ಕೂತಿದ್ದೆ. ಮಾಮಿ ಮಾತ್ರ ಎದ್ದು ಉಬ್ಬೆಯ ಬೆಂಕಿ ನೋಡಲು ಹೋದರು.

ಮರುದಿನ ಬೆಳಿಗ್ಗೆ, "ಸುಂದರೀ, ಹೊರಡು. ಬಂದರಿಗೆ ಹೋಗ್ಲಿಕ್ಕುಂಟು," ಎಂದರು ಮಾಮಿ ನನಗೆ. ಎರವಲು ಕೊಟ್ಟದ್ದು ಒಬ್ಬ ದೊಡ್ಡವರ ಬಾಯಿಯಿಂದ ಹೊರಬಿದ್ದರೆ ಊರಿನ ಒಂದು ಮನೆಯೂ ನಮಗೆ ಗಂಟು ಕೊಡುವುದಿಲ್ಲ. ನಾನು ಪೆಟ್ಟಿಗೆಯಿಂದ ಅವರ ದೀಪಾವಳಿಯ ಸೀರೆ ತೆಗೆದುಕೊಟ್ಟೆ. ಅವರು ಮುಟ್ಟಲಿಲ್ಲ.

"ಒಗೆಯುವವಳು ಒಗೆಯುವ ಸೀರೆಯಲ್ಲೇ ಹೋಗ್ಬೇಕು. ನಾನು ಯಾರು ಅಂತ ಅವರಿಗೆ ಕೂಡಲೇ ಗೊತ್ತಾಗಲಿ," ಎಂದರು. ಮಂಡಿಯವರೆಗೆ ಎತ್ತಿ ಕಟ್ಟಿದ, ಅಂಚು ಬಣ್ಣಗೆಟ್ಟ ಸೀರೆ ಅದು. ಊರಿನವರನ್ನೆಲ್ಲ ಸಿಂಗರಿಸಿ ಕಳಿಸಿದ ಹೆಂಗಸು ತಮ್ಮ ಸಂದರ್ಶನಕ್ಕೆ ಹಾಗೆ ಹೊರಟರು.

ಜವಾನ ಮೆಟ್ಟಿಲಲ್ಲೇ ತಡೆದ. "ಹೆಂಗಸರಿಗೆ ಇಲ್ಲಿ ಎಂತ ಕೆಲಸ?"

"ಒಳಗೆ ಒಂದು ಬಿಳಿ ಕೋಟು ಉಂಟು. ಅದನ್ನು ಕೊಟ್ಟವಳು ಬಂದಿದ್ದಾಳೆ ಅಂತ ಹೇಳು," ಎಂದರು ಮಾಮಿ.

ಅಂಥ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮಾಡಿನಿಂದ ಇಳಿಬಿಟ್ಟ ದೊಡ್ಡ ಬಟ್ಟೆಯ ಪಂಖಾ, ಗೋಡೆಯಲ್ಲಿ ಹಡಗಿನ ಚಿತ್ರ, ಕಿಟಕಿಯಾಚೆ ನಿಜವಾದ ಮಚವೆಗಳ ಹಾಯಿಕಂಬ. ಮೇಜಿನ ಹಿಂದೆ ರಾಯರು, ಕುರ್ಚಿಯ ಬೆನ್ನಿನಲ್ಲಿ ಆ ಕೋಟು. ಉಸಿರಾಡಲೂ ಅಪ್ಪಣೆ ಬೇಕೇನೋ ಅನಿಸಿತು.

"ಕೊಟ್ಟದ್ದು ನೀವಾ?" ಎಂದರು ರಾಯರು.

"ಹೌದು ಧಣಿಗಳೇ. ಹುಡುಗನದ್ದು ತಪ್ಪಿಲ್ಲ. ಕೇಳಿದ್ದು ಅವನ ತಾಯಿ, ಕೊಟ್ಟದ್ದು ನಾನು. ನಿಮ್ಮ ಮಗಳ ಮನೆ ಬಟ್ಟೆ ಇನ್ನು ಕೊಡುವುದಿಲ್ಲ ಅಂದ್ರೆ ಬೇಡ. ಊರಿಗೆಲ್ಲ ಹೇಳ್ತೀರಾದ್ರೂ ಹೇಳಿ. ಅವನ ಕೆಲಸಕ್ಕೆ ಮಾತ್ರ ಇದನ್ನು ಅಡ್ಡ ತರ್ಬೇಡಿ."

ರಾಯರು ಬೆರಳಿನಿಂದ ಮೇಜು ತಟ್ಟಿದರು. "ಕೋಟು ನನ್ನದು ಅಂತ ನನಗೆ ಹೇಗೆ ಗೊತ್ತಾಯ್ತು, ಹೇಳಿ ನೋಡುವ."

"ಕಾಲರಿನ ಗುರುತು ನೋಡಿ."

"ಕಾಲರಿನ ಒಳಗಿನದ್ದು ಮೇಜಿನ ಆಚೆಯಿಂದ ಕಾಣ್ತದಾ?" ಎಂದು ರಾಯರು ಎದ್ದು ಕೋಟನ್ನು ಹರವಿದರು. ಎದೆಯ ಎಡಗಡೆಯ ಕಿಸೆಯ ಅಂಚಿನಲ್ಲಿ ತೆಳ್ಳಗೆ ಕಂದು ಬಣ್ಣದ ಒಂದು ಕಲೆ. "ನಶ್ಯದ್ದು. ದಿನಾ ನೋಡಿ ನೋಡಿ ನನಗೆ ಬಾಯಿಪಾಠ ಆಗಿದೆ."

ಮಾಮಿಯ ಮುಖ ಕಪ್ಪಿಟ್ಟಿತು. ಎರವಲು ಸಿಕ್ಕಿಬಿದ್ದಾಗ ಅಲ್ಲಾಡದ ಹೆಂಗಸು ಈಗ ಅಲ್ಲಾಡಿದರು. ಅಪ್ಪಣೆ ಕೇಳದೆ ಕೋಟನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಅಲ್ಲಿಂದಲೇ ನನ್ನ ಮೇಲೆ ಸಿಡಿದರು.

"ಇದು ಉಬ್ಬೆಯಿಂದ ತೆಗೆಯುವಾಗ ಹೋಗಿತ್ತಲ್ಲ! ಮಳೆ ಅಂತ ಒಳಗೇ ಒಣಗಿಸಿದೆಯಲ್ಲ ನೀನು, ಬಿಸಿಲು ತಾಗದಿದ್ರೆ ನಶ್ಯ ತಿರುಗಿ ಮೇಲೆ ಬರ್ತದೆ ಅಂತ ಎಷ್ಟು ಸಲ ಹೇಳಿದ್ದೇನೆ? ಇದಕ್ಕೆ ಇಸ್ತ್ರಿ ಬೇರೆ ಹಾಕಿದ್ದೀಯಾ! ಕಣ್ಣು ಎಲ್ಲಿತ್ತು ನಿನಗೆ?"

ಹಡಗು ಏಜೆಂಟರ ಆಫೀಸಿ‌ನ ನಡುವೆ, ಮೆನೇಜರ ಎದುರು, ನನಗೆ ಬೈಗುಳ. ಆಮೇಲೆ ಮಾಮಿ ರಾಯರ ಕಡೆ ತಿರುಗಿದರು. "ಧಣಿಗಳೇ, ಇದನ್ನು ನಾನು ಕೊಂಡುಹೋಗ್ತೇನೆ. ಕಲೆ ಇಟ್ಟುಕೊಂಡು ನಮ್ಮ ಮನೆಯಿಂದ ಬಟ್ಟೆ ಹೊರಗೆ ಹೋಗ್ಲಿಕ್ಕಿಲ್ಲ. ನಾಳೆ ಅಲ್ಲ ನಾಡಿದ್ದು ತಂದುಕೊಡ್ತೇನೆ," ಎಂದು ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೇಬಿಟ್ಟರು.

ರಾಯರು ಅವರನ್ನೇ ನೋಡಿದರು. ಮೊದಲು ಹೊಟ್ಟೆ ಅಲುಗಿತು, ಮತ್ತೆ ಹೆಗಲು, ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಗು. ಬಾಗಿಲಲ್ಲಿ ಜವಾನ ಇಣುಕಿ ನೋಡಿ ಬೆಚ್ಚಿಬಿದ್ದ.

"ನಿಮ್ಮನ್ನು ನೋಡಿದ್ರೆ ತಪ್ಪು ನನ್ನದೇ ಅಂತ ಅನಿಸ್ತದೆ," ಎಂದರು ಅವರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: "ಆ ಹುಡುಗನಿಗೆ ಕೆಲಸ ಉಂಟು. ಈಗಷ್ಟೇ ಬೋಳೂರಿಗೆ ಜನ ಕಳಿಸಿದೆ. ಹೆಸರು ಹೇಳಿದ್ರೆ ಕೆಲಸ ಕೊಡ್ತೇನೆ ಅಂದೆ ನಾನು. ಹೇಳಿದ್ದಿದ್ರೆ ಕೊಡ್ತಿರ್ಲಿಲ್ಲ. ಯಾರ ಸರಕು ಯಾವ ಹಡಗಿನಲ್ಲಿ ಉಂಟು ಅಂತ ಹೊರಗೆ ಬಾಯಿ ಬಿಡದವನೇ ನನಗೆ ಬೇಕಾದದ್ದು. ಮತ್ತೆ ಆ ಅಂಗಿಯ ಹೆಗಲು..." ರಾಯರು ತಮ್ಮದೇ ಹೆಗಲನ್ನು ಮುಟ್ಟಿಕೊಂಡರು. "ಅಷ್ಟು ಗಂಟಿನಲ್ಲಿ ಒಂದೂ ಹೆಚ್ಚು ಕಡಿಮೆ ಇಲ್ಲ. ಅದನ್ನು ಕೋಟಿನ ಒಳಗೆ ಅಡಗಿಸಿದ್ದು ಯಾರು?"

"ಅದೂ ನಾನೇ," ಎಂದರು ಮಾಮಿ. ಅವರ ಧ್ವನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಸ್ವಂತ ಕೋಟು ಆಗುವವರೆಗೆ ಅವನು ಅಂಗಿಯಲ್ಲೇ ಬರ್ಲಿ. ಜವಾನನಿಗೆ ಹೇಳಿದ್ದೇನೆ. ನೀವು ಎರವಲು ಕೊಡುವುದನ್ನು ಇನ್ನಾದ್ರೂ ಬಿಡ್ತೀರಾ?"

ಮಾಮಿ ಕಂಕುಳಿನ ಕೋಟನ್ನು ಸರಿಮಾಡಿಕೊಂಡರು. "ಸುಳ್ಳು ಹೇಳ್ಲಿಕ್ಕೆ ನನಗೆ ಬರುವುದಿಲ್ಲ ಧಣಿಗಳೇ."

"ಹಾಗಾದ್ರೆ ಕೇಳಿ ಕೊಡಿ. ನನ್ನದಾದ್ರೆ ನಾನು ಇಲ್ಲ ಅನ್ನುವುದಿಲ್ಲ."

ಅಂದಿನಿಂದ ನಮ್ಮ ಮನೆಯ ಕ್ರಮ ಬದಲಾಯಿತು. ಮಾಮಿ ಯಜಮಾನರನ್ನು ಕೇಳಿಯೇ ಕೊಡತೊಡಗಿದರು. ಕೆಲವರು ಬೈದರು, ಒಂದೆರಡು ಮನೆ ಕೈಬಿಟ್ಟಿತು. ಆದರೆ ಎಷ್ಟೋ ಜನ ಹಳೆಯ ಕೋಟನ್ನು ತಾವೇ ಕಳಿಸಿದರು, ಮಕ್ಕಳಿಗೆ ಬೇಕಾದಾಗ ಕೊಡಿ ಎಂದು. ಕೇಳದೆ ಇದ್ದದ್ದರಿಂದಲೇ ಇಷ್ಟು ವರ್ಷ ಕದ್ದ ಹಾಗೆ ಕೊಡಬೇಕಾಯಿತು ಎಂದು ತಿಳಿದಾಗ ನನಗೆ ಆಶ್ಚರ್ಯವೋ ಆಶ್ಚರ್ಯ. ನಶ್ಯದ ಕಲೆ ಹೋಯಿತಾ ಎಂದು ಹರೀಶ ಕೇಳಿಯೇ ಕೇಳುತ್ತಾನೆ. ಹೋಯಿತು. ಮೂರನೆಯ ಉಬ್ಬೆಯಲ್ಲಿ, ಮಳೆ ಬಿಟ್ಟು ಒಂದು ಗಳಿಗೆ ಬಿಸಿಲು ಬಂದಾಗ.

ಕೆಲಸಕ್ಕೆ ಸೇರುವ ದಿನ ಲೋಕಯ್ಯ ಶಾಲೆ ಬಿಟ್ಟು ನೇರ ನಮ್ಮಲ್ಲಿಗೆ ಬಂದ. ಗಿರಿಜಕ್ಕ ಖಾಲಿ ಬುಟ್ಟಿ ಹಿಡಿದು ಅವನ ಹಿಂದೆಯೇ ಇದ್ದಳು. ಅವನ ಮೈಯಲ್ಲಿ ಅದೇ ಅಂಗಿ, ಮುದುಡಿತ್ತು. ಕೋಟು ಕೇಳಲು ಬಂದದ್ದಲ್ಲ, ಹೇಳಿ ಹೋಗಲು ಬಂದದ್ದು.

"ಅಂಗಿ ತೆಗಿ," ಎಂದರು ಮಾಮಿ.

ಇಸ್ತ್ರಿ ಹಾಕುವುದು ಆಗ ನನ್ನ ಪಾಲಿನ ಕೆಲಸ. ನಾನು ಪೆಟ್ಟಿಗೆಗೆ ಕೈ ಹಾಕಿದರೆ ಅವರು ಬಿಡಲಿಲ್ಲ. ತಾವೇ ಕೆಂಡ ತುಂಬಿ, ಬೂದಿ ಊದಿ, ಅಂಗಿಯನ್ನು ಹಾಸಿದರು. ಬೆನ್ನು, ತೋಳು, ಎದೆ ಎಲ್ಲ ಸರಸರ ಆಯಿತು. ಬಲಹೆಗಲಿಗೆ ಬಂದಾಗ ಅವರ ಕೈ ನಿಂತಿತು. ಊರಿನ ಯಾವ ಜರಿಯ ಸೀರೆಗೂ ನಿಲ್ಲದ ಕೈ. ಅಷ್ಟು ಭಾರದ ಪೆಟ್ಟಿಗೆಯನ್ನು ಗಾಳಿಯಲ್ಲೇ ಎತ್ತಿ ಹಿಡಿದು, ಗಂಟುಗಳ ಸಾಲಿನ ಈಚೆ ಒಮ್ಮೆ, ಆಚೆ ಒಮ್ಮೆ ತುದಿಯನ್ನು ತಾಗಿಸಿದರು. ಗಂಟುಗಳನ್ನು ಮುಟ್ಟಲಿಲ್ಲ. ನಾನೂ ಗಿರಿಜಕ್ಕನೂ ಬಗ್ಗಿ ನೋಡಿದೆವು. ಅಂಗಿಯನ್ನು ಅವರೇ ಬಿಡಿಸಿ ಹಿಡಿದರು, ಹುಡುಗ ತೋಳು ತೂರಿಸಿದ. ಕೋಟು ಹಾಕಿದ ದಿನ ನಿಂತದ್ದಕ್ಕಿಂತ ಅವನು ನೆಟ್ಟಗೆ ನಿಂತಿದ್ದ.

ಗಿರಿಜಕ್ಕ ಈ ಸಲ ದೂರ ನಿಲ್ಲಲಿಲ್ಲ. ಮೀನು ಮಾರಿದ ಕೈಯನ್ನೇ ಆ ಹೆಗಲಿನ ಮೇಲಿಟ್ಟಳು. ಮಾಮಿ ಅದನ್ನು ನೋಡಿಯೂ ಪೆಟ್ಟಿಗೆಯ ಕೆಂಡ ಸುರಿಯಲು ಹೋದರು.

ಹರೀಶಾ, ಮಕ್ಕಳು ಕೇಳಿದರೆ ಹೇಳು: ಶುಚಿಯಾದದ್ದು ಹಾಕಿಕೊಳ್ಳಿ, ಕುಳಿತುಕೊಳ್ಳಲು ಬರುವಂಥದ್ದು ಹಾಕಿಕೊಳ್ಳಿ, ಎರವಲು ಆದರೆ ಕೇಳಿ ತನ್ನಿ, ಕೇಳಿದವರಿಗೆ ಎರವಲು ಎಂದೇ ಹೇಳಿ. ಕೋಟು ಬೇಡ ಎಂದು ನಾನು ಹೇಳುವುದಿಲ್ಲ. ಲೋಕಯ್ಯನನ್ನು ಮೆಟ್ಟಿಲು ಹತ್ತಿಸಿದ್ದು ಆ ಕೋಟೇ. ಇನ್ನೊಂದು ಮಾತು ಅವರಿಗಲ್ಲ, ನಿನಗೆ. ಇಸ್ತ್ರಿಗೆ ಬಂದ ಅಂಗಿಯಲ್ಲಿ ಎಲ್ಲಾದರೂ ಮನೆಯಲ್ಲಿ ಹಾಕಿದ ಹೊಲಿಗೆ ಸಿಕ್ಕಿದರೆ, ಕರೆಂಟಿನ ಪೆಟ್ಟಿಗೆ ಎಷ್ಟೇ ಹಗುರ ಇರಲಿ, ಅಲ್ಲಿ ಒಮ್ಮೆ ಕೈ ಎತ್ತು.